ಪಂಪಿನ ಕೋಣೆಯ ಎರಡು ಬಡಿತ

ಇದನ್ನು ನಂಬಿ ಎಂದು ನಾನು ಕೇಳುವುದಿಲ್ಲ. ನಾನು ಎಲ್ಲಿ ನಿಂತಿದ್ದೆ ಎಂಬುದನ್ನಷ್ಟೇ ಹೇಳುತ್ತೇನೆ. ಎಪ್ಪತ್ತರ ದಶಕದ ಕೊನೆ. ಬಂಗಾಳ ಕೊಲ್ಲಿಯಲ್ಲಿ ನೌಕಾಪಡೆಯ ದೊಡ್ಡ ಹಡಗು, ಅದರ ಕೆಳ ಅಂತಸ್ತು, ಪಂಪಿನ ಕೋಣೆಯ ಉಕ್ಕಿನ ಬಾಗಿಲು. ಆ ಬಾಗಿಲ ಹೊರಗೆ ನಿಂತಿದ್ದೆ. ರಾತ್ರಿ ಎಂಟು ಗಂಟೆ.

ಚಂಡಮಾರುತಕ್ಕೆ ಸಿಕ್ಕು ಅದು ಎರಡನೇ ದಿನ. ಹಡಗು ಏರುವಾಗಲೂ ಇಳಿಯುವಾಗಲೂ ಕೈಗೆ ಸಿಕ್ಕ ಕೊಳವೆ ಹಿಡಿದೇ ನಿಲ್ಲಬೇಕಿತ್ತು. ಡೀಸೆಲ್, ವಾಂತಿ, ಉಪ್ಪುನೀರು... ಆ ವಾಸನೆ ಇನ್ನೂ ಮೂಗಿನಲ್ಲಿದೆ.

ಹಡಗಿನ ತಳಕ್ಕೆ ಸೇರಿದ ನೀರನ್ನು ಹೊರಹಾಕುವ ಪಂಪು ನಿಂತುಹೋಗಿತ್ತು. ಸರಿಮಾಡಲು ಒಳಗೆ ಹೊರಟವನು ಮಾಬು, ಕೂಡ್ಲಿಗಿ ಬಸ್ ಸ್ಟ್ಯಾಂಡಿನ ಮೆಕ್ಯಾನಿಕ್ ಒಬ್ಬರ ಮಗ. ನಾನು ಕೊಟ್ಟೂರಿನವನು. ಒಳಗೆ ನೀರು ನುಗ್ಗಿದರೆ ಹಡಗಿಗೆಲ್ಲ ಹರಡಬಾರದು, ಬಾಗಿಲು ಮುಚ್ಚಿರಬೇಕು ಎಂದು ಅಧಿಕಾರಿಯ ಆಜ್ಞೆ. ಒಳಗಿನ ಹಿಡಿಕೆ ಮುರಿದಿತ್ತು. ತೆರೆದರೆ ನಾನೇ ತೆರೆಯಬೇಕು.

“ನೋಡಲೇ ಕೊಟ್ರ, ನಮ್ಮೂರ ಕಂಡಕ್ಟರ್ ಬಸ್ಸಿಗೆ ಬಡದಂಗ ಬಡೀತೀನಿ. ಒಂದು ಬಡದ್ರ ಸ್ಟಾಪು, ಬಾಗ್ಲಾ ತಗಿ. ಎರಡು ಬಡದ್ರ ರೈಟ್, ಮುಟ್ಟಬ್ಯಾಡ,” ಎಂದ ಮಾಬು ನನಗೆ.

“ಟಿಕೀಟು ಯಾರ್ ಕೊಡ್ತಾರಲೇ?” ಎಂದ ನನ್ನ ಪಕ್ಕದಲ್ಲಿದ್ದ ಮಾಗಳದ ಹಾಲಪ್ಪ. ಮಾಬು ನಗುತ್ತ ಒಳಗೆ ಹೋದ. ನಾನು ಹಿಡಿಕೆ ಬಿಗಿದೆ.

ಹತ್ತು ನಿಮಿಷಕ್ಕೆ ಹಡಗು ಪೂರ್ತಿ ಒಂದು ಮಗ್ಗುಲಿಗೆ ವಾಲಿತು. ಒಳಗೆ ಭಾರವಾದದ್ದೇನೋ ಬಿತ್ತು. ಹಿಂದೆಯೇ ನೀರಿನ ಸದ್ದು. ನಾನು ಹಿಡಿಕೆಗೆ ಕೈ ಹಾಕಿದೆ.

ಟಕ್... ಟಕ್.

“ರೈಟ್ ಅಂದಾನ, ಬಿಡು,” ಎಂದ ಹಾಲಪ್ಪ. ಕೈ ತೆಗೆದೆ.

ಬೆಳಗಿನವರೆಗೂ ಹೀಗೇ. ನೀರಿನ ಸದ್ದು ಏರಿದಾಗಲೆಲ್ಲ ನನ್ನ ಕೈ ಹಿಡಿಕೆಯತ್ತ ಹೋಗುತ್ತಿತ್ತು. ಮುಟ್ಟುವ ಮೊದಲೇ ಎರಡು ಬಡಿತ... ನನ್ನ ಕೈ ಒಳಗಿದ್ದವನಿಗೆ ಕಾಣುವಂತಿರಲಿಲ್ಲ. ಅದು ನನಗೆ ಹೊಳೆದದ್ದು ಬಹಳ ತಡವಾಗಿ.

ಗಾಳಿ ತಗ್ಗಿದ ಮೇಲೆ ಬೇರೆ ಪಂಪಿನಿಂದ ನೀರು ತೆಗೆದು ಬಾಗಿಲು ತೆರೆದರು. ಮಾಬು ಬಾಗಿಲ ಬಳಿ ಇರಲಿಲ್ಲ. ಆಚೆ ತುದಿಯಲ್ಲಿ, ಕಿತ್ತುಬಿದ್ದ ಪಂಪಿನ ಕೆಳಗಿದ್ದ. ಎರಡೂ ಕೈ ಅದರಡಿ ಜಜ್ಜಿಹೋಗಿದ್ದವು. ಪಂಪು ಬಿದ್ದಾಗಲೇ ಸತ್ತಿದ್ದಾನೆ ಎಂದರು ಡಾಕ್ಟರು. ರಾತ್ರಿ ತೆರೆದಿದ್ದರೆ ಹಡಗೇ ಉಳಿಯುತ್ತಿರಲಿಲ್ಲ ಎಂದು ಅಧಿಕಾರಿ ನನ್ನ ಬೆನ್ನು ತಟ್ಟಿದರು. ಎರಡು ಸಲ.

ರಜೆಯಲ್ಲಿ ಕೂಡ್ಲಿಗಿಗೆ ಹೋಗಿ ಮಾಬುವಿನ ತಾಯಿಗೆ ಎಲ್ಲವನ್ನೂ ಹೇಳಿದೆ. ಅವರು ಅಳಲಿಲ್ಲ. ಚಹಾ ತಂದು ಮುಂದಿಟ್ಟರು.

“ಒಂದ್ ಸಲ ತಗದು ನೋಡಬೇಕಿತ್ತಪ್ಪ,” ಎಂದರು.

ಅಷ್ಟೇ.

ನನ್ನ ಜೊತೆ ಆ ಬಡಿತ ಕೇಳಿದವನು ಹಾಲಪ್ಪ ಒಬ್ಬನೇ. ಈಗಲೂ ಮಾಗಳದಲ್ಲೇ, ಹೊಳೆಯ ದಂಡೆಯ ಮನೆಯಲ್ಲಿದ್ದಾನೆ. ಬೇಕಿದ್ದರೆ ಹೋಗಿ ಕೇಳಿ. ಬಾಗಿಲು ಮಾತ್ರ ಬಡಿಯಬೇಡಿ, ಹೆಸರು ಹಿಡಿದು ಕೂಗಿ.