ಅರ್ಧ ಬೀಡಿ ಉದ್ದದ ಕಂಟೇನರಿಗೂ ಸೀಲು ಹಾಕುವ ಅವ್ವಣ್ಣ

ರಾಂಜಣಗಾಂವದ ಕಾರ್ಖಾನೆಗಳ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಆಗಲೇ ಅವ್ವಣ್ಣನ ಸುತ್ತಿಗೆ ಎದ್ದಿದೆ. ಹದಿನೆಂಟು ಗಾಲಿಯ ಟ್ರೇಲರು, ಅದರ ಬೆನ್ನ ಮೇಲೆ ನಲವತ್ತು ಅಡಿಯ ನೀಲಿ ಕಂಟೇನರು. ನಾಲ್ಕು ಮೂಲೆಯ ಬೀಗಗಳಿಗೂ ಠಣ್, ಠಣ್ ಎಂದು ಬಡಿದು ಕಿವಿಗೊಟ್ಟು ಕೇಳುತ್ತಾನೆ. ಆ ಸದ್ದಿಗೆ ಗುಡಿಯ ಗಣಪನ ಇಲಿ ಕೂಡ ಎದ್ದು ಮೈಮುರಿಯುತ್ತದೆ ಅಂತ ಇಲ್ಲಿಯ ಜನ ಹೇಳುತ್ತಾರೆ. ಆಮೇಲೆ ಹಿಂದಿನ ಬಾಗಿಲಿಗೆ ಬರುತ್ತಾನೆ. ಕಾರ್ಖಾನೆಯವರು ಜಡಿದ ಸೀಲನ್ನು ಎರಡು ಬೆರಳಲ್ಲಿ ಹಿಡಿದು, ವೈದ್ಯ ನಾಡಿ ನೋಡಿದ ಹಾಗೆ ನೋಡುತ್ತಾನೆ. ಸೀಲು ಗಟ್ಟಿ ಇದ್ದರೆ ಮಾತ್ರ ಗಾಡಿ ಚಾಲೂ.

ಗೇಟಿನ ಮರಾಠಿ ಚಹಾದವನಿಗೆ ಇದು ದಿನನಿತ್ಯದ ಮಜಾ. "ಅಣ್ಣಾ, ಆತ್ ಕಾಯ್ ಆಹೇ?" ಒಳಗೇನಿದೆ ಅಂತ ಕೇಳುತ್ತಾನೆ. "ತುಝಾ ಸಾಸರಾ!" ನಿನ್ನ ಮಾವನೇ ಇದ್ದಾನೆ ಎಂದು ಅವ್ವಣ್ಣ ಕ್ಯಾಬಿನ್ನು ಹತ್ತುತ್ತಾನೆ.

ನಿಜ ಹೇಳಬೇಕೆಂದರೆ ಒಳಗೇನಿದೆ ಎಂದು ಅವನಿಗೂ ಗೊತ್ತಿಲ್ಲ. ಇಪ್ಪತ್ತಾರು ವರ್ಷದಿಂದ ಗೊತ್ತಿಲ್ಲ. "ಗೊತ್ತಿರಬಾರ್ದ್ರಿ," ಅನ್ನುತ್ತಾನೆ. "ಸೀಲ್ ಬಿದ್ದಮ್ಯಾಲ ಅದು ಮಂದಿ ಮಾಲು. ಗೊತ್ತಾದ್ರ ಆಸೆ ಹುಟ್ತದ, ಆಸೆ ಹುಟ್ಟಿದ್ರ ನಿದ್ದಿ ಹೋಗ್ತದ, ನಿದ್ದಿ ಹೋದ್ರ ಖಂಡಾಳಾ ಘಾಟಿನ್ಯಾಗ ಗಾಡಿ ಹೋಗ್ತದ."

ಇಂಡಿ ತಾಲೂಕಿನ ಹಳ್ಳಿಯೊಂದರಿಂದ ಲಾರಿ ಕ್ಲೀನರ್ ಆಗಿ ಬಂದ ಅವ್ವಣ್ಣ ಮೊದಲ ಮಳೆಗಾಲವನ್ನು ಲಾರಿಯ ಅಡಿಯಲ್ಲೇ ಮಲಗಿ ಕಳೆದವನು. ಈಗ ಬಂದರಿಗೆ ಹತ್ತಿರ ಹತ್ತಿರ ನೂರೆಪ್ಪತ್ತು ಕಿಲೋಮೀಟರು ಹೋಗಬೇಕು. ಘಾಟು ಇಳಿಯುವಾಗ ಬ್ರೇಕಿನ ಮೇಲೆ ಕಾಲಿಟ್ಟರೆ ಸೊಂಟದಿಂದ ಕುತ್ತಿಗೆಯವರೆಗೆ ನರಗಳೆಲ್ಲ ತಂಬೂರಿಯ ತಂತಿ. ಬಂದರಿನ ಗೇಟಿನಲ್ಲಿ ಸರದಿ ಎಷ್ಟು ಉದ್ದ ಅಂದರೆ, ಅಲ್ಲಿ ನಿಂತವನ ಗಡ್ಡ ಬೆಳೆದು ಹಿಂದಿನ ಗಾಡಿಯವನ ಗ್ಲಾಸಿಗೆ ತಾಗುತ್ತದಂತೆ. ಕೊನೆಗೆ ಕ್ರೇನು ಬಂದು ಡಬ್ಬಿಯನ್ನು ಹದ್ದು ಕೋಳಿಮರಿ ಎತ್ತಿದ ಹಾಗೆ ಎತ್ತಿಕೊಂಡು ಹೋಗುತ್ತದೆ. ಅಲ್ಲಿಗೆ ಡಬ್ಬಿಗೂ ಅವ್ವಣ್ಣನಿಗೂ ಋಣ ಮುಗಿಯಿತು. ಅದು ರೈಲು ಹತ್ತಿತೋ, ಹಡಗು ಹತ್ತಿತೋ, ಯಾವ ದೇಶದ ಬಿಸಿಲಿಗೆ ಬಣ್ಣ ಕಳೆದುಕೊಂಡಿತೋ ಯಾರೂ ಹೇಳುವುದಿಲ್ಲ.

ಇಂಥವನ ಕೈಗೆ ಒಂದು ಭಾನುವಾರ ಹಳೇ ಸಾಮಾನು ಮಾರುವ ಜೂನಾ ಬಾಜಾರಿನ ಚಾಪೆಯ ಮೇಲೆ, ತುಕ್ಕು ಹಿಡಿದ ಕೀಲಿಕೈ ಮತ್ತು ನಿಂತ ಗಡಿಯಾರಗಳ ನಡುವೆ, ಒಂದು ಪುಟಾಣಿ ಕಂಟೇನರು ಸಿಕ್ಕಿತು. ಹವ್ಯಾಸಿಗಳು ಮೇಜಿನ ಮೇಲೆ ಓಡಿಸುವ ಆಟದ ರೈಲಿನದು. ಅಸಲಿ ಡಬ್ಬಿಯ ಉದ್ದವನ್ನು ನೂರರವತ್ತು ಪಾಲು ಮಾಡಿ ಒಂದೇ ಪಾಲು ಇಟ್ಟರೆ ಎಷ್ಟೋ ಅಷ್ಟು. ನಲವತ್ತು ಅಡಿಯದ್ದು ಒಂದು ಬೀಡಿಯಷ್ಟು ಉದ್ದ, ಇಪ್ಪತ್ತು ಅಡಿಯದ್ದು ಅರ್ಧ ಬೀಡಿ. ಅದೇ ಕೆಂಪು, ಅದೇ ಬಿಳಿ ಅಕ್ಷರ, ಪಕ್ಕದಲ್ಲಿ ಅವೇ ಏಣುಗಳು.

"ಹಿಂದಿನ ದಿನ ಪೋರ್ಟಿಗೆ ಬಿಟ್ಟು ಬಂದಿದ್ನಲ್ರಿ, ಅದೇ ಡಬ್ಬಿ!" ಎಂದು ಈಗಲೂ ಕಣ್ಣರಳಿಸುತ್ತಾನೆ. "ಬಿಟ್ಟು ಹೋದ್ಯಲ್ಲಪಾ ಅಂತ ಅತ್ತು ಅತ್ತು ಕುಗ್ಗಿ, ನನ್ನ ಹುಡುಕ್ಕೊಂತ ಬಂದದ ಅನಿಸ್ತು."

ಅವತ್ತಿನಿಂದ ಹುಚ್ಚು ಹಿಡಿಯಿತು. ಆದರೆ ಹುಚ್ಚಿಗೂ ಒಂದು ಕಾನೂನು ಇದೆ. ತಾನು ಬೆನ್ನ ಮೇಲೆ ಹೊತ್ತ ಡಬ್ಬಿಯ ತದ್ರೂಪು ಸಿಕ್ಕರೆ ಮಾತ್ರ ಮನೆಗೆ ತರುತ್ತಾನೆ. ಎಷ್ಟೇ ಚೆಂದ ಇರಲಿ, ತಾನು ಹೊತ್ತಿರದ ಡಬ್ಬಿ ಬೇಡ. ಹೀಗೆ ಬಂದವು ಇನ್ನೂರು ದಾಟಿ, ಎರಡು ಕೋಣೆಯ ಮನೆಯಲ್ಲಿ ರೊಟ್ಟಿ ಬುಟ್ಟಿಯ ಮೇಲಿನ ಹಲಗೆ ತುಂಬಿ, ದೇವರ ಮಾಡಕ್ಕೂ ಹತ್ತಿವೆ.

ಎರಡನೇ ಕಾನೂನು ಇನ್ನೂ ದೊಡ್ಡದು. ಖಾಲಿ ಡಬ್ಬಿ ಮನೆಯಲ್ಲಿ ಇಡುವಂತಿಲ್ಲ. ತುಂಬಬೇಕು. ಆದರೆ ಏನು ತುಂಬಿದೆ ಎಂದು ಡ್ರೈವರಿಗೆ ತಿಳಿಯಬಾರದು! ಹಾಗಾಗಿ ತುಂಬುವವಳು ಹೆಂಡತಿ ಬಾಳವ್ವ. ಅವ್ವಣ್ಣ ಬ್ಲೇಡಿನಿಂದ ಪುಟ್ಟ ಬಾಗಿಲು ಕೊಯ್ದು, ಬಟ್ಟೆಯ ಕೀಲು ಅಂಟಿಸಿ ಕೊಡುತ್ತಾನೆ. "ಆ ಕಡಿ ಮಾರಿ ಮಾಡ್ರಿ," ಅನ್ನುತ್ತಾಳೆ ಬಾಳವ್ವ. ಅವನು ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ. ಅಡುಗೆಮನೆಯಲ್ಲಿ ಡಬ್ಬದ ಸಪ್ಪಳ, ಬಳೆಯ ಸಪ್ಪಳ, ಒಮ್ಮೊಮ್ಮೆ ಏನೂ ಇಲ್ಲ. "ಆತು" ಅಂದ ಮೇಲೆ ತಿರುಗಿ, ಕೆಂಪು ದಾರ ಸುತ್ತಿ, ಸಾಸಿವೆಯಷ್ಟು ಅರಗು ಬಿಟ್ಟು ಸೀಲು ಹಾಕುತ್ತಾನೆ. ಆಕೆ ಹೇಳಿಲ್ಲ, ಇವನು ಕೇಳಿಲ್ಲ.

ಪಕ್ಕದ ಮನೆಯ ಲಾಲಪ್ಪನೂ ಟ್ರೇಲರ್ ಡ್ರೈವರೇ. ಅವನಿಗೆ ಮಾತ್ರ ತಡೆಯುವುದಿಲ್ಲ. "ಲೇ ಅವ್ವಣ್ಣ, ವೈನಿ ನಿನ್ನ ಮ್ಯಾಲಿನ ಸಿಟ್ಟೆಲ್ಲ ತುಂಬಿ ಇಟ್ಟಾಳ ನೋಡು. ಒಂದು ಸೀಲ್ ಒಡದ್ರ ಓಣಿ ಸುಟ್ಟು ಹೋಗ್ತದ!"

"ಸಿಟ್ಟು ತುಂಬಾಕ ಈ ಡಬ್ಬಿ ಸಾಲಾಂಗಿಲ್ಲ," ಅನ್ನುತ್ತಾಳೆ ಬಾಳವ್ವ, "ಅದಕ್ಕ ದೊಡ್ಡ ಗಾಡೀನೇ ಬೇಕು."

ಅವ್ವಣ್ಣನ ಒಂದೇ ಆಸೆ, ಈ ಡಬ್ಬಿಗಳು ರೈಲು ಹತ್ತಿ ಹೋಗುವುದನ್ನು ಕಣ್ಣಾರೆ ನೋಡಬೇಕು. ಶಹರದ ಸದಾಶಿವ ಪೇಠದ ಹಳೆಯ ವಾಡೆಯೊಂದರ ನೆಲಮಾಳಿಗೆಯಲ್ಲಿ ಆಟದ ರೈಲಿನ ಸಂಘ ಇದೆ. ಅದರ ಹಿರಿಯ ಮಂಡ್ಯ ಕಡೆಯ ಅನಂತರಾಮು. ಜೂನಾ ಬಾಜಾರಿನಲ್ಲಿ ಒಂದೇ ಡಬ್ಬಿಗೆ ಇಬ್ಬರೂ ಕೈ ಹಾಕಿ ಜಗಳದಲ್ಲಿ ಪರಿಚಯ ಆದವರು. ಈ ಸಲ ಸಂಘದ ವಾರ್ಷಿಕ ಪ್ರದರ್ಶನದಲ್ಲಿ ಅವ್ವಣ್ಣನ ಡಬ್ಬಿಗಳದ್ದೇ ಒಂದು ರೈಲು ಎಂದು ಅನಂತರಾಮು ಮಾತು ಕೊಟ್ಟಿದ್ದಾನೆ.

ಪ್ರದರ್ಶನದ ಹಿಂದಿನ ದಿನ ಅವ್ವಣ್ಣ ಊಟದ ಡಬ್ಬಿಯಲ್ಲಿ ಹತ್ತಿ ಹಾಸಿ ಕಂಟೇನರುಗಳನ್ನು ಹೊತ್ತು ವಾಡೆಗೆ ಇಳಿಯುತ್ತಾನೆ. ಕೋಣೆ ತುಂಬ ಬೆಟ್ಟ, ಸುರಂಗ, ಸೇತುವೆ, ಕಡ್ಡಿಯಷ್ಟು ಸಿಗ್ನಲ್ಲು. ಬೋಗಿಯ ಮೇಲೆ ಸಣ್ಣ ಡಬ್ಬಿಗಳನ್ನು ಬಾಗಿಲಿಗೆ ಬಾಗಿಲು ತಾಗಿಸಿ ಇಡುತ್ತಾರೆ, ಅಸಲಿ ರೈಲಿನ ಹಾಗೆಯೇ. ಅವ್ವಣ್ಣ ಬಗ್ಗಿ ನೋಡಿ ಖುಷಿಯಾಗುತ್ತಾನೆ. "ಚಲೋ ಆತ್ರಿ. ಕಳ್ಳರ ಬೆರಳು ಸೈತ ಒಳಗ ಹೋಗಾಂಗಿಲ್ಲ."

ರೈಲು ಓಡಿಸುವವಳು ಹಿಂಜವಾಡಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಇಂಪನಾ. ಗುಂಡಿ ತಿರುಗಿಸುತ್ತಾಳೆ. ರೈಲು ಹೊರಡುತ್ತದೆ, ಸೇತುವೆ ದಾಟುತ್ತದೆ, ಮೊದಲ ತಿರುವಿನಲ್ಲೇ ದಬಕ್ಕನೆ ಮಗುಚುತ್ತದೆ. ಮತ್ತೆ ಇಡುತ್ತಾರೆ, ಮತ್ತೆ ಮಗುಚುತ್ತದೆ.

"ಸ್ಪೀಡ್ ಫುಲ್ ಕಮ್ಮಿ ಮಾಡಿದೀನಿ ಸರ್, ಆದ್ರೂ ಕರ್ವಲ್ಲಿ ಟಿಪ್ ಆಗ್ತಿದೆ. ಒಂದೊಂದು ಬಾಕ್ಸ್ ಒಂದೊಂದು ವೇಟ್ ಇದೆ," ಅನ್ನುತ್ತಾಳೆ ಇಂಪನಾ.

ಅನಂತರಾಮು ಕನ್ನಡಕ ಒರೆಸಿಕೊಳ್ಳುತ್ತಾನೆ. "ಅಷ್ಟೇ ತಾನೆ? ಅವ್ವಣ್ಣ, ಬಾಗ್ಲು ತೆಗೆದು ಒಳಗಿರೋದನ್ನ ಸರಿತೂಗಿಸಿಬಿಡಿ. ಐದು ನಿಮಿಷದ ಕೆಲಸ ಕಣ್ರೀ."

ಅವ್ವಣ್ಣನ ಮುಖ ಬೂದಿಯಾಗುತ್ತದೆ. "ಸೀಲ್ ಒಡೀಬೇಕ?"

"ದಾರ ತಾನೆ ಮಾರಾಯ್ರೇ!"

"ನಿಮಗ ದಾರ ರೀ. ಇಷ್ಟು ವರ್ಷದಾಗ ನಾ ಒಂದೂ ಸೀಲ್ ಒಡದಿಲ್ಲ. ರೈಲು ಓಡದಿದ್ರ ಇರ್ಲಿ." ಒಂದೊಂದೇ ಡಬ್ಬಿಯನ್ನು ಎತ್ತಿ ಹತ್ತಿಯಲ್ಲಿ ಮಲಗಿಸಿ ಮನೆಗೆ ಹೊರಟೇಬಿಡುತ್ತಾನೆ. ಎಷ್ಟೋ ವರ್ಷ ಕಾದ ಆಸೆ ಊಟದ ಡಬ್ಬಿಯಲ್ಲಿ ಮುಚ್ಚಿಕೊಂಡು ಕೂತಿದೆ.

ಆ ಸಂಜೆ ಬಾಳವ್ವ ರೊಟ್ಟಿ ಬಡಿಯುತ್ತ ಎಲ್ಲ ಕೇಳುತ್ತಾಳೆ. ರೊಟ್ಟಿ ತಿರುವಿ ಹಾಕಿ ಒಂದೇ ಪ್ರಶ್ನೆ ಎಸೆಯುತ್ತಾಳೆ.

"ಪೋರ್ಟಿನ್ಯಾಗ ಸೀಲ್ ಯಾರು ಒಡೀಬಹುದ್ರಿ?"

"ಕಸ್ಟಮ್ಮಿನವ್ರು. ಇಲ್ಲಂದ್ರ ಮಾಲಿನ ಮಾಲಕರು."

"ಈ ಮಾಲು ಯಾರದು?"

ಅವ್ವಣ್ಣ ಹಲಗೆಯ ಮೇಲಿನ ಡಬ್ಬಿಗಳ ಕಡೆ ನೋಡುತ್ತಾನೆ. ತುತ್ತು ಕೈಯಲ್ಲೇ ಇದೆ.

"ನಂದು," ಅನ್ನುತ್ತಾಳೆ ಬಾಳವ್ವ. "ನಾಳಿ ನಾ ಬರ್ತೀನಿ. ನೀವು ಮಾರಿ ತಿರುಗಿಸ್ಕೊಂಡು ನಿಂದರ್ರಿ, ಸಾಕು."

ಭಾನುವಾರ ಮುಂಜಾನೆ ಬಾಳವ್ವ ಇಳಕಲ್ ಸೀರೆ ಉಟ್ಟು, ಸೆರಗಿಗೆ ಒಂದು ಪಿನ್ನು ಸಿಕ್ಕಿಸಿಕೊಂಡು ವಾಡೆಗೆ ಇಳಿದಾಗ ಸಂಘದವರಿಗೆ ಕಸ್ಟಮ್ಸಿನ ದೊಡ್ಡ ಸಾಹೇಬರೇ ಬಂದ ಹಾಗೆ. ಅನಂತರಾಮು ಚಿನ್ನದಂಗಡಿಯ ತಕ್ಕಡಿಯೊಂದನ್ನು ಎಲ್ಲಿಂದಲೋ ತಂದಿಟ್ಟಿದ್ದಾನೆ.

"ಎಲ್ಲಾರೂ ಆ ಕಡಿ!" ಬಾಳವ್ವನ ಅಪ್ಪಣೆ.

ಅವ್ವಣ್ಣ ಮೊದಲು ತಿರುಗುತ್ತಾನೆ. ಆಮೇಲೆ ಅನಂತರಾಮು, ಇಂಪನಾ, ಚೌಕಾಶಿ ಇಲ್ಲದೆ ಸಂಘದ ಸಮಸ್ತರು. ಮೇಲಿನ ಕೋಚಿಂಗ್ ಕ್ಲಾಸಿನಿಂದ ಇಳಿದು ಬರುವ ಹುಡುಗಿಯರು ಬಾಗಿಲಲ್ಲಿ ಇಣುಕಿ ನೋಡುತ್ತಾರೆ. ಕೋಣೆ ತುಂಬ ದೊಡ್ಡವರು ಗೋಡೆಗೆ ಮುಖ ಮಾಡಿ ನಿಂತಿದ್ದಾರೆ! "ಶಿಕ್ಷಾ ಆಹೇ ಕಾ?" ಶಿಕ್ಷೆಯಾ ಎಂದು ಒಬ್ಬಳು ಕಿಸಕ್ಕನೆ ನಗುತ್ತಾಳೆ. ಯಾರೂ ತಿರುಗುವುದಿಲ್ಲ.

ಬೆನ್ನ ಹಿಂದೆ ದಾರ ಕಡಿಯುವ ಸಣ್ಣ ಸದ್ದು. ತಕ್ಕಡಿಯ ಬಟ್ಟಲು ತಾಗುವ ಸದ್ದು. ಏನೋ ಉರುಳುತ್ತದೆ. ಲವಂಗದ ಘಮ ಬರುತ್ತದೆ, ಅದರ ಹಿಂದೆ ಹಳೆಯ ರೇಷ್ಮೆ ಬಟ್ಟೆಯ ವಾಸನೆ. "ಅಯ್ಯ, ಇದು ಇಲ್ಲೇ ಅದ ಏನ!" ಎಂದು ಬಾಳವ್ವ ಒಬ್ಬಳೇ ನಗುತ್ತಾಳೆ. ಇನ್ನೊಂದು ಡಬ್ಬಿಯದನ್ನು ಆಕೆ ಸೆರಗಿಗೆ ಒರೆಸುವ ಸದ್ದು, ಮತ್ತೆ ಒರೆಸುವ ಸದ್ದು. ಅವ್ವಣ್ಣ ಒಂದು ಗೇಣು ತಿರುಗಿದರೆ ಇಡೀ ಸಂಸಾರದ ಗುಟ್ಟು ಕಣ್ಣ ಮುಂದೆ. ಕತ್ತು ಗೋಡೆಯ ಕಡೆಗೇ ಇದೆ. ಉಸಿರು ಕೂಡ ಆ ಕಡೆ ತಿರುಗಲಿಲ್ಲ ಅಂತ ಇಂಪನಾ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ.

"ಆತು."

ಹಗುರ ಇದ್ದವಕ್ಕೆ ಜೋಳದ ಕಾಳು ಸೇರಿ ಎಲ್ಲ ಡಬ್ಬಿಗಳೂ ಸಮತೂಕ ಆಗಿವೆ. ಅವ್ವಣ್ಣ ಹೊಸ ದಾರ ಸುತ್ತುತ್ತಾನೆ, ಅರಗಿನ ಹನಿ ಬಿಡುತ್ತಾನೆ, ಒಂದೊಂದನ್ನೂ ಎರಡು ಬೆರಳಲ್ಲಿ ಎಳೆದು ನೋಡುತ್ತಾನೆ. ಇಂಪನಾ ಗುಂಡಿ ತಿರುಗಿಸುತ್ತಾಳೆ. ಸೇತುವೆ ದಾಟಿತು. ತಿರುವು ಬಂತು. ಕೆಂಪು, ನೀಲಿ, ಹಸಿರು ಡಬ್ಬಿಗಳು ಮದುವೆಯ ದಿಬ್ಬಣದ ಹಾಗೆ ಸ್ವಲ್ಪ ವಾಲಿ, ಮತ್ತೆ ನೆಟ್ಟಗಾಗಿ, ಸಾಲಾಗಿ ಸುರಂಗದೊಳಗೆ ಹೋಗುತ್ತವೆ.

ಜನ ಚಪ್ಪಾಳೆ ಹೊಡೆಯುತ್ತಾರೆ. ಅವ್ವಣ್ಣನ ಕೈ ಏಳುವುದಿಲ್ಲ. ಸುರಂಗದ ಕತ್ತಲೆಯನ್ನೇ ನೋಡುತ್ತಿದ್ದಾನೆ, ಬಂದರಿನ ಗೇಟಿನಲ್ಲಿ ದಿನವೂ ನಿಲ್ಲುವ ಹಾಗೆ. ಅಷ್ಟರಲ್ಲಿ ಬೆಟ್ಟದ ಇನ್ನೊಂದು ಬದಿಯಿಂದ ಎಂಜಿನ್ನು ಮೂತಿ ಹೊರಹಾಕುತ್ತದೆ. ಅದರ ಹಿಂದೆ ಒಂದೊಂದಾಗಿ ಅವನ ಡಬ್ಬಿಗಳು, ಸೀಲು ಸಮೇತ, ಅವನ ಕಡೆಗೇ ಬರುತ್ತಿವೆ.

ಪ್ರದರ್ಶನ ಮುಗಿದು ದೀಪ ಆರಿಸುವ ಹೊತ್ತಾದರೂ ಅವ್ವಣ್ಣ ಜಾಗ ಬಿಟ್ಟು ಕದಲುವುದಿಲ್ಲ. ಬಾಳವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕರೆಯುತ್ತಾಳೆ. "ನಡೀರಿ, ನಾಳಿ ಹರ್ಯಾಗ ಗಾಡಿ ಅದ ನಿಮಗ."

"ತಡಿಯ," ಅನ್ನುತ್ತಾನೆ ಅವ್ವಣ್ಣ, ಕಣ್ಣು ಹಳಿಯ ಮೇಲೇ ಇದೆ. "ಹೋದ ಡಬ್ಬಿ ತಿರುಗಿ ಬರೂದು ನಾ ಎಂದೂ ನೋಡಿಲ್ಲ. ಇನ್ನೊಂದು ಸುತ್ತು ಬರ್ಲಿ."