ವಿಸಿಆರ್ ಬಾಯಿಯ ಕುಂಕುಮ

ಕ್ಯಾಸೆಟ್ಟಿನ ಪುಟ್ಟ ಕಿಟಕಿಯೊಳಗೆ, ಸುತ್ತಿದ ಟೇಪಿನ ಅಂಚಿಗೆ ಬೂಷ್ಟು ಹಿಡಿದಿತ್ತು. ಮರೆತಿಟ್ಟ ಇಡ್ಲಿಯ ಮೇಲೆ ಬೆಳ್ಳಗೆ ಬರುತ್ತದಲ್ಲ, ಹಾಗೆ. ದಸರೆ ಗೊಂಬೆಗಳ ಟ್ರಂಕಿನಲ್ಲಿ, ಪಟ್ಟದ ಗೊಂಬೆಗಳ ಪಕ್ಕ, ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಅದನ್ನು ಸುತ್ತಿಟ್ಟಿದ್ದೆವು. ಒಂದು ದಸರೆಗೆ ಸೋದರಮಾವ ಕ್ಯಾಮೆರಾ ತಂದು ನಮ್ಮ ಮನೆಯ ಗೊಂಬೆ ಆರತಿಯನ್ನು ಹಿಡಿದ ಟೇಪು ಅದು. ಅಮ್ಮ ಈಗಿಲ್ಲ. ಅವಳ ಮಾತು ಉಳಿದಿರುವುದು ಅದೊಂದರಲ್ಲೇ.

ಅಮ್ಮನ ದನಿ ನನಗೆ ಚೆನ್ನಾಗಿ ನೆನಪಿದೆ ಎಂದೇ ನಾನು ಹೇಳಿಕೊಂಡು ಬಂದಿದ್ದೇನೆ. ನಂಬಬೇಡಿ. ನನಗೆ ನೆನಪಿರುವುದು ಅಮ್ಮನನ್ನು ಅಣಕಿಸುವ ಅಕ್ಕನ ದನಿ. ಮನೆಯಲ್ಲಿ ಯಾರಾದರೂ ಹಾಲು ಉಕ್ಕಿಸಿದರೆ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ, "ಕಣ್ಣು ಎಲ್ಲಿತ್ತೋ ಮಹಾರಾಯ?" ಎಂದು ಥೇಟ್ ಅಮ್ಮನ ಹಾಗೆ ಬಯ್ಯುತ್ತಾಳೆ. ನಾವು ನಗುತ್ತೇವೆ. ಅದು ಥೇಟ್ ಅಮ್ಮನ ಹಾಗೇ ಇದೆಯೆಂದು ಹೇಳಲು ನನ್ನ ಹತ್ತಿರ ಇರುವ ಅಳತೆಗೋಲೂ ಆ ಅಣಕವೇ.

ಬೋಗಾದಿಯಿಂದ ಅಕ್ಕ ಬಂದಳು. ಟೇಪನ್ನು ಡಿಸ್ಕಿಗೆ ಇಳಿಸಿಕೊಳ್ಳಲು ಇಬ್ಬರೂ ದೇವರಾಜ ಮೊಹಲ್ಲಾದ ಒಂದು ಹಳೆಯ ಟಿವಿ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವರು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರು.

"ಒಂದ್ಸಲ ಓಡುತ್ತೆ ಸಾರ್. ಎರಡನೇ ಸಲಕ್ಕೆ ನಾನು ಗ್ಯಾರಂಟಿ ಕೊಡಲ್ಲ."

ನಾನು ಕ್ಯಾಸೆಟ್ಟನ್ನು ಅವರ ಕೈಯಿಂದ ವಾಪಸ್ಸು ತೆಗೆದುಕೊಂಡೆ.

ಅವರು ಕಪ್ಪನೆಯ ಜೋಡಿ ಪೆಟ್ಟಿಗೆಯೊಂದನ್ನು ಮುಂದಿಟ್ಟರು. "ಇದರಲ್ಲೇ ಹಾಕೋಣ. ಈ ಕಡೆ ಕ್ಯಾಸೆಟ್, ಆ ಕಡೆ ಡಿಸ್ಕ್. ಒಂದು ಬಟನ್ ಒತ್ತಿ ಕಾಫಿ ಕುಡ್ಕೊಂಡ್ ಬನ್ನಿ, ಮುಗಿದಿರುತ್ತೆ."

"ಮುಗಿದಿರುತ್ತೆ ಅಂದ್ರೆ? ಟೇಪಾ?" ಎಂದೆ.

"ಅಪಶಕುನ ಯಾಕ್ ಮಾತಾಡ್ತೀರಾ? ಪೂಜೆ ಮಾಡಿರೋ ಮಿಷಿನ್ ಕಣ್ರೀ!"

ಹೌದು, ಕ್ಯಾಸೆಟ್ ತೂರಿಸುವ ಬಾಯಿಗೆ ಆಯುಧಪೂಜೆಯ ಗಂಧ, ಕುಂಕುಮ ಪದರ ಪದರವಾಗಿ ಒಣಗಿತ್ತು. ಅಕ್ಕ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಚೀಲದಿಂದ ತನ್ನ ಮದುವೆಯ ಕ್ಯಾಸೆಟ್ ತೆಗೆದಳು.

"ಮೊದಲು ಇದನ್ನ ಹಾಕಿ ನೋಡಿ. ತಿಂದ್ಕೊಂಡ್ರೂ ಪರವಾಗಿಲ್ಲ. ನಮ್ಮ ಯಜಮಾನ್ರಿಗೆ ಆಗ ತಲೆತುಂಬ ಕೂದಲಿತ್ತು ಅಂತ ನೋಡಿ ಹೊಟ್ಟೆ ಉರಿಯೋದು ತಪ್ಪುತ್ತೆ."

ಭಾವ ಬಾಸಿಂಗ ಕಟ್ಟಿಕೊಂಡು ತೆರೆಯ ಮೇಲೆ ಬಂದರು. ಅಕ್ಕ ನಗುತ್ತಿರುವಾಗಲೇ ಪೆಟ್ಟಿಗೆಯೊಳಗಿಂದ ಕೀರಲು ಸದ್ದು ಬಂತು, ಭಾವನ ಮುಖ ಸೀಳಿತು, ತೆರೆ ನೀಲಿಯಾಯಿತು. ಅಂಗಡಿಯವರು ಕ್ಯಾಸೆಟ್ ಎಳೆದಾಗ ಟೇಪು ಶಾವಿಗೆಯ ಹಾಗೆ ಹಿಂದೆಯೇ ಸುರುಳಿ ಸುರುಳಿಯಾಗಿ ಬಂತು. ಮೈಯೆಲ್ಲ ಕೆಂಪು ಪುಡಿ.

"ಕುಂಕುಮ ಒಳಕ್ಕೆ ಹೋಗ್ಬುಟ್ಟಿದೆ," ಎಂದರು ಅವರು, ಮೆಲ್ಲಗೆ. "ಇಡದೆ ಇರಕ್ಕಾಗುತ್ತಾ ಹೇಳಿ? ಅನ್ನ ಕೊಡೋ ಮಿಷಿನ್ನು."

ಅಕ್ಕನ ನಗು ಎಲ್ಲೋ ಹೋಗಿತ್ತು. ಪರವಾಗಿಲ್ಲ ಎಂದಿದ್ದವಳು ಆ ಸುರುಳಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು.

ಇನ್ನೊಂದು ದಾರಿಯನ್ನೂ ಅವರೇ ಹೇಳಿದರು. ಮನೆಯಲ್ಲಿ ಹಳೆಯ ವಿಸಿಆರ್ ಇದ್ದರೆ ತರಬೇಕು. ಅದನ್ನು ಬಿಚ್ಚಿ ಒರೆಸಬಹುದು. ವೈರಿನಲ್ಲಿ ಕಂಪ್ಯೂಟರಿಗೆ ಜೋಡಿಸಿ, ಅಲ್ಲಿಂದ ಡಿಸ್ಕಿಗೆ ಇಳಿಸಬಹುದು. ಜೋಡಿ ಪೆಟ್ಟಿಗೆ ಬಿಚ್ಚುವುದು ರಗಳೆ. ನಾನು ತಕ್ಷಣ ಒಪ್ಪಿದೆ. ಚಿತ್ರ ಚೆನ್ನಾಗಿ ಬರುತ್ತದೆಂದಲ್ಲ. ಹೊಟ್ಟೆಯೊಳಗೆ ಏನಿದೆಯೆಂದು ಕಣ್ಣಿಂದ ನೋಡಲಾಗದ ಯಂತ್ರದ ಬಾಯಿಗೆ ಆ ಟೇಪನ್ನು ಕೊಡಲು ನನಗೆ ಕೈ ಬರುತ್ತಿರಲಿಲ್ಲ.

ಮಾರನೆಯ ದಿನ ನಮ್ಮ ವಿಸಿಆರ್ ಹೊತ್ತುಕೊಂಡು ಹೋದೆವು. ಅದರ ಬಾಯಿಗೂ ಕುಂಕುಮವಿತ್ತು. ಗಂಧದ ಮೇಲೆ ಒತ್ತಿದ ಬೊಟ್ಟು, ಬೊಟ್ಟಿನಲ್ಲಿ ಬೆರಳಿನ ಗೆರೆ.

"ಅಮ್ಮಂದು," ಎಂದೆ.

"ಆಮೇಲೆ ನಾನೂ ಇಟ್ಟಿದ್ದೆ ಕಣೋ ಒಂದೆರಡು ವರ್ಷ," ಎಂದಳು ಅಕ್ಕ. "ಯಾರದ್ದೋ ಏನೋ."

ಮುಚ್ಚಳ ತೆಗೆದರೆ ಒಳಗೂ ಕೆಂಪು ಪುಡಿ. ಬಾಯಿಯನ್ನು ಪೂರ್ತಿ ತೊಳೆಯದಿದ್ದರೆ ಕ್ಯಾಸೆಟ್ ತೂರಿಸಿದಾಗ ಮತ್ತೆ ಉದುರುತ್ತದೆ. ಅಂಗಡಿಯವರು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನಮ್ಮ ಮುಖ ನೋಡಿದರು. "ಒರೆಸ್ಲಾ?"

ಅಕ್ಕ ರಸ್ತೆಯ ಕಡೆ ತಿರುಗಿದಳು. ಒರೆಸಿ ಎಂದದ್ದು ನಾನೇ. ಹತ್ತಿ ಕೆಂಪಾಯಿತು. ಬೆರಳಿನ ಗೆರೆ ಒಂದು ಉಜ್ಜಿಗೆ ಹೋಯಿತು.

ಟೇಪು ಓಡಿತು. ಮೇಲಂಚು ಬಾಗಿದ ಚಿತ್ರ, ಮೆಟ್ಟಿಲ ಮೇಲೆ ಗೊಂಬೆಗಳು, ಆಮೇಲೆ ಆರತಿ ತಟ್ಟೆ ಹಿಡಿದ ಅಮ್ಮ. ಗಿಳಿಹಸಿರು ಸೀರೆ ಎಂದುಕೊಂಡಿದ್ದೆ; ತೆರೆಯ ಮೇಲೆ ಅದು ಯಾವ ಬಣ್ಣವೂ ಆಗಿರಲಿಲ್ಲ. ಅವಳು ಕ್ಯಾಮೆರಾ ಹಿಡಿದಿದ್ದ ಸೋದರಮಾವನಿಗೆ ಏನೋ ಹೇಳಿದಳು. "ಹಿಂದಕ್ಕೆ ಹೋಗೋ, ದೀಪ ಇದೆ." ತೆಳ್ಳನೆಯ, ಅವಸರದ, ಹುಡುಗಿಯಂಥ ದನಿ. ಬಯ್ಗುಳದ ಸುಳಿವೇ ಇಲ್ಲ. ಇನ್ನೂ ಮಾತಾಡಿದಳು. ನಾನು ಕೇಳಿಸಿಕೊಳ್ಳಲಿಲ್ಲ. ಆ ಕೀರಲು ಸದ್ದು ಬಂತೇ, ಈಗ ಬಂತೇ ಎಂದು ಯಂತ್ರಕ್ಕೇ ಕಿವಿಗೊಟ್ಟು ಕೂತಿದ್ದೆ. ಟೇಪು ಮುಗಿದು ತೆರೆಯಲ್ಲಿ ಬಿಳಿ ಚುಕ್ಕೆಗಳು ಸುರಿಯತೊಡಗಿದಾಗಲೇ ಉಸಿರು ಬಿಟ್ಟದ್ದು.

ಡಿಸ್ಕ್ ಕೈಗೆ ಬಂತು. ಆಟೋ ಹತ್ತಿದೆವು.

"ಅಕ್ಕ, ಒಂದ್ಸಲ ಅಮ್ಮನ ಥರ ಬಯ್ಯೇ."

"ಯಾಕೋ, ಈಗಿನ್ನೂ ಕೇಳಿದ್ದೀಯಲ್ಲ."

"ಸುಮ್ನೆ. ಬಯ್ಯೇ."

ಅವಳು ಗಂಟಲು ಸರಿಮಾಡಿಕೊಂಡಳು. "ಕಣ್ಣು ಎಲ್ಲಿ..." ಎಂದು ನಿಂತಳು. ಇನ್ನೊಮ್ಮೆ ಬಾಯಿ ತೆರೆದಳು. ಆಟೋ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲವೆಂದುಕೊಂಡು ಹತ್ತಿರ ಬಗ್ಗಿದೆ.

"ಆ ದನಿ ಕೇಳಿದ್ಮೇಲೆ ಬರ್ತಿಲ್ಲ ಕಣೋ," ಎಂದಳು. ಅವಳ ಕಣ್ಣಲ್ಲಿದ್ದ ದಿಗಿಲು ನನ್ನದೇ.

"ಮನೆಗೆ ಹೋಗಿ ಡಿಸ್ಕ್ ಹಾಕೋಣ್ವಾ?"

"ಇವತ್ತು ಬೇಡ."

ಡಿಸ್ಕನ್ನು ಅವಳು ಒಲೆಯಿಂದ ಈಗಷ್ಟೇ ಇಳಿಸಿದ ಪಾತ್ರೆಯನ್ನು ಹಿಡಿಯುವ ಹಾಗೆ, ಅಂಚಿನಲ್ಲಿ ಮಾತ್ರ ಹಿಡಿದು ಕೂತಿದ್ದಳು.