ಗೆರೆ ಸೊಟ್ಟಗಿದ್ದ ಸೀಸನ್

ಮೊದಲು ಸೊಟ್ಟಗಾಗಿದ್ದು ಇಪ್ಪತ್ತು ಗಜದ ಗೆರೆ.

ಋಷಿಕೊಂಡದ ಒಂದು ಆಫೀಸಿನಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್ ವಿಡಿಯೊ ನೋಡಿ ಬರೆದುಕೊಳ್ಳುವುದು ನನ್ನ ಕೆಲಸ. ಟಿವಿಯಲ್ಲಿ ಬರುವ ದೊಡ್ಡ ಕಾಲೇಜುಗಳಲ್ಲ, ಕೆಳಗಿನ ದರ್ಜೆಯವು. ಅವರು ಶನಿವಾರ ಆಡುತ್ತಾರೆ, ಭಾನುವಾರ ಬೆಳಿಗ್ಗೆ ವಿಡಿಯೊ ನಮಗೆ ಬರುತ್ತದೆ. ಅಲ್ಲಿನ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೇ ಹಿಡಿದು ಓಡುತ್ತಾರೆ. ಹಾಗೆ ಓಡಿದವನ ನಂಬರು, ಅವನನ್ನು ಕೆಡವಿದವನ ನಂಬರು, ಎಷ್ಟು ಗಜ ಮುಂದೆ ಹೋದರು, ಇಷ್ಟು ಬರೆಯಬೇಕು. ಸೀಸನ್ನಿಗೆ ಒಬ್ಬರಿಗೆ ಒಂದು ತಂಡ. ನನ್ನ ಪಾಲಿಗೆ ಬಂದವರು ಹಸಿರು ಜೆರ್ಸಿಯವರು. ಮೊದಲ ಎರಡೂ ಪಂದ್ಯ ಸೋತರು. ಸೋಲಲಿ ಬಿಡಿ, ನನಗೇನು ಅವರು ನೆಂಟರಾ, ಬೀಗರಾ?

ಆ ಮೈದಾನದಲ್ಲಿ ಐದು ಗಜಕ್ಕೊಂದು ಬಿಳಿ ಗೆರೆ ಇರುತ್ತದೆ. ಮೂರನೇ ಭಾನುವಾರ ಗೆರೆಗಳು ನಡುವೆ ಬಾಗಿದ್ದವು, ಒದ್ದೆ ಬಟ್ಟೆ ಹಾಕಿದ ಹಗ್ಗದ ಹಾಗೆ. ಇಂಥ ಕಾಲೇಜುಗಳದ್ದು ಒಂದೇ ಕ್ಯಾಮೆರಾ, ಅದೂ ಹಳೆಯದು. 'ಲೆನ್ಸ್ ಕೆಟ್ಟಿದೆ' ಎಂದು ಕಂಪ್ಯೂಟರಿನಲ್ಲೇ ದೂರಿನ ಟಿಕೆಟ್ ಹಾಕಿದೆ. ಮುಂದಿನ ವಾರವೂ ಹಾಕಿದೆ. ಆ ವಾರದ ಪಂದ್ಯ ಎದುರಾಳಿಯ ಊರಿನಲ್ಲಿತ್ತು. ಮೈದಾನ ಬೇರೆ, ಕ್ಯಾಮೆರಾ ಬೇರೆ. ಅಷ್ಟೂ ಹೊಳೆಯಲಿಲ್ಲ ನನ್ನ ತಲೆಗೆ.

ಮೂರನೇ ಟಿಕೆಟ್ಟಿಗೆ ಅನೂಷಾ ಫೋನ್ ಮಾಡಿದಳು. ವಿಜಯವಾಡದ ಬೆಂಜ್ ಸರ್ಕಲ್ ಆಫೀಸಿನಲ್ಲಿ ಕೂತು ನಮ್ಮ ತಪ್ಪು ಹುಡುಕುವವಳು.

"ಶಾರದಾ ಗಾರು, ನಿಮ್ಮ ಫೈಲಿನಲ್ಲಿ ಎಂಟೆಲ್ಲ ಮೂರಾಗಿವೆ," ಅಂದಳು ತೆಲುಗಿನಲ್ಲಿ. "ಗೆರೆ ನನಗೆ ನೆಟ್ಟಗೇ ಕಾಣುತ್ತಿದೆ. ಒಂದೊಂದೇ ಕಣ್ಣು ಮುಚ್ಚಿ ನೋಡಿ ಮೇಡಂ."

ಎಡಗಣ್ಣು ಮುಚ್ಚಿದೆ. ಗೆರೆ ನೆಟ್ಟಗಾಯಿತು. ಬಲಗಣ್ಣು ಮುಚ್ಚಿದೆ.

ಆಟಗಾರನ ಎದೆಯ ಮೇಲೆ ನಂಬರೇ ಇರಲಿಲ್ಲ.

ಮಾರನೇ ದಿನ ನಮ್ಮ ಯಜಮಾನರು ರಜೆ ಹಾಕಿ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದರು. ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಅವರು. ಇಬ್ಬರೂ ದಾವಣಗೆರೆಯವರು, ಕಾರ್ಖಾನೆಯ ಹತ್ತಿರದ ಗಾಜುವಾಕಕ್ಕೆ ಬಂದು ಒಂಬತ್ತು ವರ್ಷ. ಕಣ್ಣಿನ ಒಳಪದರ ತೋರಿಸುವ ಓಸಿಟಿ ಸ್ಕ್ಯಾನ್ ಆಯಿತು. ಸೆಂಟ್ರಲ್ ಸೀರಸ್ ರೆಟಿನೋಪತಿ. ಎಡಗಣ್ಣಿನ ರೆಟಿನಾ ಕೆಳಗೆ ನೀರು ತುಂಬಿತ್ತು.

"ಸ್ಟೀರಾಯ್ಡ್ ಏನಾದರೂ ತಗೋತೀರಾ?" ಡಾಕ್ಟರ್ ಕೇಳಿದರು.

"ಇಲ್ಲ."

"ಮೂಗಿನ ಸ್ಪ್ರೇ ಐತಲ್ಲ," ಅಂದರು ಯಜಮಾನರು.

ಗಾಜುವಾಕದ ಧೂಳಿಗೆ ನನ್ನ ಮೂಗು ಸದಾ ಕಟ್ಟಿರುತ್ತಿತ್ತು. ಎರಡು ವರ್ಷದಿಂದ ಮೆಡಿಕಲ್ ಶಾಪಿನಲ್ಲಿ ನಾನೇ ಕೇಳಿ ತರುತ್ತಿದ್ದೆ. ಬಾಟಲಿ ಬ್ಯಾಗಿನಲ್ಲೇ ಇತ್ತು. ಡಾಕ್ಟರ್ ತಿರುಗಿಸಿ ಓದಿದರು.

"ಇದು ಸ್ಟೀರಾಯ್ಡೇ ಅಮ್ಮಾ. ಇದರಿಂದಲೇ ಆಯಿತು ಅಂತ ಹೇಳಲಾರೆ, ಆದರೆ ನಿಲ್ಲಿಸಿ. ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಲ್ಲಿ ನೀರು ತಾನೇ ಇಳಿಯುತ್ತದೆ. ಇಳಿಯದಿದ್ದರೆ ಲೇಸರ್. ದೃಷ್ಟಿ ಪೂರ್ತಿ ವಾಪಸ್ ಬರುತ್ತದೆ ಅಂತ ಮಾತು ಕೊಡಲಾರೆ."

ಕಾಯಬೇಕು. ಔಷಧಿ ಎಂದರೆ ಅದೇ.

ಬಲಗಣ್ಣು ಚೆನ್ನಾಗಿತ್ತು, ಕೆಲಸ ಬಿಡುವ ಅಗತ್ಯ ಇಲ್ಲ ಎಂದರು. ಆಫೀಸಿನವರು ಮನೆಯಿಂದಲೇ ಮಾಡಲು ಒಪ್ಪಿದರು. ಎಡಗಣ್ಣಿಗೆ ಹತ್ತಿ ಇಟ್ಟು ಪಟ್ಟಿ ಕಟ್ಟಿ ಕೂತರೆ ಅರ್ಧ ಗಂಟೆಗೇ ತಲೆ ಸಿಡಿಯುತ್ತಿತ್ತು. ಹಾಗಾಗಿ ಭಾನುವಾರಗಳಂದು ಯಜಮಾನರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡರು. ಕ್ರಿಕೆಟ್ಟನ್ನೂ ನೋಡದ ಮನುಷ್ಯ.

"ಒಬ್ಬರ ಮೇಲೊಬ್ಬರು ಬಿದ್ದಾರಲ್ಲೇ, ಯಾವನ ನಂಬರು ಓದ್ಲಿ?"

"ಅಡಿಗಿರೋನದ್ದು."

"ಅವನು ಬೋರಲು ಬಿದ್ದಾನ."

"ಬೆನ್ನಿನ ಮೇಲೂ ಇರ್ತೈತಿ, ನೋಡ್ರೀ."

ಹಸಿರಿನವರು ಸೋಲುತ್ತಲೇ ಹೋದರು. ಯಜಮಾನರಿಗೆ ಸಿಟ್ಟು ಬರತೊಡಗಿತು. "ಇವಕ್ಕೆ ಅನ್ನ ಹಾಕ್ತಾರೋ ಇಲ್ಲೋ," ಎಂದು ಬೈಯುತ್ತಿದ್ದರು. ಆಡಿದ್ದಕ್ಕೆ ಅವರಿಗೆ ಸ್ಕಾಲರ್‌ಶಿಪ್ಪೂ ಇಲ್ಲ ಎಂದೆ. ಹಾಗಾದರೆ ಯಾಕೆ ಆಡುತ್ತಾರೆ ಎಂದು ಕೇಳಿದರು.

ದಿನಾ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ನಾನು ಬಲಗಣ್ಣು ಮುಚ್ಚಿ ಕಿಟಕಿಯ ಸರಳು ನೋಡುತ್ತಿದ್ದೆ. ಸರಳು ಸೊಟ್ಟಗೇ ಇರುತ್ತಿತ್ತು, ನಡುವೆ ಅದೇ ಬೂದು ಕಲೆ. ಅವರು ಹೊರಗೆ ಬಂದು ಹೇಗೈತಿ ಎಂದರೆ ಪರವಾಗಿಲ್ಲ ಬಿಡ್ರಿ ಅನ್ನುತ್ತಿದ್ದೆ, ಸಾರು ಕುದಿಯಲಿಕ್ಕಿಟ್ಟು ಬಲಗಣ್ಣಿಗೂ ಹೀಗೇ ಆದರೆ ಏನು ಗತಿ ಎಂದು ಯೋಚಿಸುತ್ತಾ ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದೆ. ಅವರು ಅದನ್ನೇ ಇನ್ನೊಂದು ಸೌಟು ಹಾಕಿಸಿಕೊಂಡು ಉಣ್ಣುತ್ತಿದ್ದರು.

ಒಂದು ತಿಂಗಳಿಗೆ ಮತ್ತೆ ಸ್ಕ್ಯಾನ್. ನೀರು ಇದ್ದಷ್ಟೇ ಇತ್ತು.

ನವೆಂಬರಿನಲ್ಲಿ ಪಂದ್ಯಗಳು ಮುಗಿದವು. ಹಸಿರಿನವರು ಒಂದನ್ನೂ ಗೆಲ್ಲಲಿಲ್ಲ. ಅದಾಗಿ ಮೂರು ವಾರಕ್ಕೆ ಇನ್ನೊಂದು ಸ್ಕ್ಯಾನ್. ಡಾಕ್ಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ನೀರು ಇಳಿದಿತ್ತು. ಎಡಗಣ್ಣಿನಲ್ಲಿ ಚಾರ್ಟ್ ಓದಿಸಿದರು. ಕೊನೆಯ ಸಾಲು ಬರಲಿಲ್ಲ, ಅದರ ಮೇಲಿನದು ಬಂತು.

"ಸ್ವಲ್ಪ ಸೊಟ್ಟ ಉಳಿಯಬಹುದು. ಮತ್ತೆ ಬಂದರೂ ಬರಬಹುದು. ಚೆಕಪ್ ತಪ್ಪಿಸಬೇಡಿ," ಅಂದರು.

ಆಗಲಿ ಎಂದೆ. ಇಷ್ಟು ಸಿಕ್ಕಿದ್ದೇ ಪುಣ್ಯ.

ವಾಪಸ್ ಬರುವಾಗ ಆಟೊದಲ್ಲಿ ಯಜಮಾನರು ಹೇಳಿದರು: "ಗಟ್ಟಿಗಿತ್ತಿ ನೀನು. ಒಂದಿನಾನೂ ಹೆದರಲಿಲ್ಲ ನೋಡು."

"ದಿನಾ ಹೆದರಿದೀನ್ರೀ."

"ಮತ್ತೆ ಒಂದು ಮಾತು ಹೇಳಲಿಲ್ಲ?"

"ನೀವು ಹೆದರ್ತೀರಿ ಅಂತ."

ಅವರು ನನ್ನ ಕಡೆ ತಿರುಗಿದರು. "ನಂಬರು ಓದಾಕೆ ಕೂತಿದ್ದೆ ಅಂದ್ಕೊಂಡೀಯೇನು? ನಿನ್ನನ್ನ ಒಬ್ಬಳನ್ನೇ ಬಿಡಾಕೆ ಧೈರ್ಯ ಇರಲಿಲ್ಲ ನನಗೆ."

ಗಾಜುವಾಕ ಬರುವವರೆಗೂ ನಾನು ಅಳುತ್ತಲೇ ಇದ್ದೆ. ಅವರು ನನ್ನ ಕೈ ಹಿಡಿದುಕೊಂಡೇ ಇದ್ದರು.